ಬಿಸಿಯಾದ ಮೇಲೆ ನಿಂತುಹೋಗುವ ಯೆಜ್ದಿ 250: ದೋಷ ಹುಡುಕುವ ಕ್ರಮ

ತಣ್ಣಗಿದ್ದಾಗ ಎರಡನೇ ಕಿಕ್‌ಗೇ ಸ್ಟಾರ್ಟ್ ಆಗುತ್ತದೆ. ಹತ್ತು ಹದಿನೈದು ಕಿಲೋಮೀಟರ್ ಯಾವ ತಕರಾರೂ ಇಲ್ಲದೆ ಓಡುತ್ತದೆ. ಆಮೇಲೆ ಆಫ್. ಎಷ್ಟು ಕಿಕ್ ಹೊಡೆದರೂ ಜೀವ ಬರುವುದಿಲ್ಲ. ಅರ್ಧ ಗಂಟೆ ನೆರಳಿನಲ್ಲಿ ನಿಲ್ಲಿಸಿದರೆ ಮತ್ತೆ ಮೊದಲಿನಂತೆಯೇ ಸ್ಟಾರ್ಟ್. ಮನೆಯ ಗ್ಯಾರೇಜಿನಲ್ಲಿ ಬಿಚ್ಚಿ, ಬಣ್ಣ ಹೊಡೆಸಿ, ಕ್ರೋಮ್ ಮಾಡಿಸಿ ಮತ್ತೆ ಕಟ್ಟಿದ ಜಾವಾ, ಯೆಜ್ದಿ ಬೈಕುಗಳ ಬಗ್ಗೆ ಪದೇ ಪದೇ ಕೇಳಿಬರುವ ದೂರು ಇದು.

ಈ ದೂರಿಗೆ ಸಾಮಾನ್ಯವಾಗಿ ಸಿಗುವ ಸಲಹೆ ‘ಕಾಯಿಲ್ ಬದಲಾಯಿಸಿ’ ಎಂಬುದು. ಕಾಯಿಲ್ (ಬ್ಯಾಟರಿಯ ವೋಲ್ಟೇಜನ್ನು ಕಿಡಿ ಹಾರುವಷ್ಟು ಏರಿಸುವ ಸುರುಳಿ) ಆದ ಮೇಲೆ ಕಂಡೆನ್ಸರ್ (ಪಾಯಿಂಟ್ ನಡುವೆ ದೊಡ್ಡ ಕಿಡಿ ಹಾರದಂತೆ ತಡೆಯುವ ಸಣ್ಣ ಡಬ್ಬಿ), ಆಮೇಲೆ ಪ್ಲಗ್, ಆಮೇಲೆ ಕಾರ್ಬ್ಯುರೇಟರ್. ಇಷ್ಟೆಲ್ಲ ಹೊಸ ಸಾಮಾನು ಹಾಕಿದ ಮೇಲೂ ಗಾಡಿ ಅದೇ ತಿರುವಿನಲ್ಲಿ ನಿಲ್ಲುತ್ತದೆ. ಗ್ಯಾರೇಜಿಗೆ ತಳ್ಳಿಕೊಂಡು ಬರುವ ಹೊತ್ತಿಗೆ ಎಂಜಿನ್ ಆರಿರುತ್ತದೆ, ದೋಷವೂ ಮಾಯವಾಗಿರುತ್ತದೆ, ಪರೀಕ್ಷೆಯಲ್ಲಿ ಎಲ್ಲ ಭಾಗವೂ ಪಾಸಾಗುತ್ತದೆ. ಹಾಗಾಗಿ ಆಫ್ ಆದ ಮೊದಲ ಐದು ನಿಮಿಷದಲ್ಲಿ, ರಸ್ತೆ ಬದಿಯಲ್ಲೇ, ಬಿಸಿ ಆರುವ ಮುಂಚೆ ನೋಡಬೇಕು. ಕೆಳಗಿನ ಇಡೀ ಕ್ರಮ ಅದರ ಮೇಲೆಯೇ ನಿಂತಿದೆ.

ಇಲ್ಲಿ ಹೇಳಿರುವುದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ತಯಾರಿಸಿದ ಜಾವಾ 250 ಮತ್ತು ಅದರ ನಂತರದ ಯೆಜ್ದಿ 250 ಗಾಡಿಗಳಿಗೆ: ಒಂದೇ ಸಿಲಿಂಡರಿನ, 65 ಮಿ.ಮೀ. ಬೋರ್, 75 ಮಿ.ಮೀ. ಸ್ಟ್ರೋಕಿನ ಟೂ ಸ್ಟ್ರೋಕ್ ಎಂಜಿನ್, ಎರಡು ಸೈಲೆನ್ಸರ್, ಜಿಕೋವ್ ಕಾರ್ಬ್ಯುರೇಟರ್, 6 ವೋಲ್ಟ್ ಡೈನಮೋ, ಸಿಬಿ ಪಾಯಿಂಟ್ (ಕಾಯಿಲ್‌ನ ಕರೆಂಟನ್ನು ಪ್ರತಿ ಸುತ್ತಿಗೂ ಕೂಡಿಸಿ ಬಿಡಿಸುವ ಸ್ವಿಚ್, ಮುಂದೆ ಬರೀ ‘ಪಾಯಿಂಟ್’). 12 ವೋಲ್ಟ್ ಎಲೆಕ್ಟ್ರಾನಿಕ್ ಇಗ್ನಿಶನ್‌ಗೆ ಬದಲಾಯಿಸಿದ ಗಾಡಿಗಳಿಗೆ ವಿದ್ಯುತ್ತಿನ ಭಾಗ ಹೊಂದುವುದಿಲ್ಲ, ಉಳಿದದ್ದು ಹೊಂದುತ್ತದೆ. ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅಂದರೆ ಅಂಗಡಿಯ ಮೂಲೆಯಲ್ಲಿ ಸಿಗುವ ಸೀಲು ಮುರಿಯದ ‘ಕಂಪನಿ ಪೀಸ್’ ಕೂಡ ಸುಮಾರು ಮೂವತ್ತು ವರ್ಷ ಹಳೆಯದು. ಕ್ರ್ಯಾಂಕ್, ಗೇರು, ಸ್ಪ್ರಾಕೆಟ್ ಹಾಗೆ ಸಿಕ್ಕರೆ ಬಿಡಬೇಡಿ. ಆಯಿಲ್ ಸೀಲ್ ಮತ್ತು ಕಂಡೆನ್ಸರ್ ಮಾತ್ರ ಹಾಗೆ ಕೊಳ್ಳಬೇಡಿ: ರಬ್ಬರು ಇಟ್ಟಲ್ಲೇ ಗಟ್ಟಿಯಾಗುತ್ತದೆ, ಕಂಡೆನ್ಸರಿನ ಒಳಗಿನ ಕಾಗದ ತೇವ ಹೀರುತ್ತದೆ.

ಜೊತೆಗೆ ಒಯ್ಯಬೇಕಾದದ್ದು

ಪರೀಕ್ಷೆಯ ಓಟಕ್ಕೆ ಮನೆಯಿಂದ ಹೆಚ್ಚು ದೂರ ಹೋಗಬೇಡಿ. ಬಡಾವಣೆಯ ಸುತ್ತಲೇ ಸುತ್ತಿ. ಪ್ಲಗ್ ಸ್ಪ್ಯಾನರ್, ಚೆನ್ನಾಗಿದೆ ಎಂದು ಖಾತ್ರಿಯಿರುವ ಒಂದು ಪ್ಲಗ್, ಮಲ್ಟಿಮೀಟರ್, ಎರಡೂ ತುದಿಗೆ ಮೊಸಳೆ ಕ್ಲಿಪ್ ಇರುವ ಒಂದು ಮೀಟರ್ ಉದ್ದದ ದಪ್ಪ ವೈರ್, ಇನ್ನೊಂದು ಕಂಡೆನ್ಸರ್, ಒಂದು ಬಾಟಲಿ ನೀರು, ಹಳೆಯ ಬಟ್ಟೆ, ಗೆರೆ ಹಾಕಿದ ಪಾರದರ್ಶಕ ಬಾಟಲಿ. ಜೊತೆಗೆ ಮನೆಯಲ್ಲೇ ಮಾಡಿದ ಸ್ಪಾರ್ಕ್ ಟೆಸ್ಟರ್: ಹಳೆಯ ಪ್ಲಗ್ಗಿನ ಬಾಗಿದ ಅರ್ಥ್ ಕೊಕ್ಕೆಯನ್ನು ಪೂರ್ತಿ ಕತ್ತರಿಸಿ ಹಾಕಿ, ಬಾಡಿಗೆ ಒಂದು ಕ್ಲಿಪ್ ಬಿಗಿಯಿರಿ. ನಡುವಿನ ಕಡ್ಡಿಯಿಂದ ಬಾಡಿಯ ಅಂಚಿಗೆ ಕಿಡಿ ಹಾರಬೇಕಾದರೆ ಮಾಮೂಲು ಗ್ಯಾಪಿನ ಹಲವು ಪಟ್ಟು ದೂರ ದಾಟಬೇಕು. ಮಾಮೂಲು ಪ್ಲಗ್ಗನ್ನು ಹೊರಗೆ ಹಿಡಿದು ‘ಕರೆಂಟ್ ಬರ್ತಿದೆ’ ಎನ್ನುವ ಪರೀಕ್ಷೆಯನ್ನು ನಂಬಬೇಡಿ. ಸಿಲಿಂಡರಿನೊಳಗೆ ಒತ್ತಡ ಇರುತ್ತದೆ, ಒತ್ತಡದಲ್ಲಿ ಕಿಡಿ ಹಾರುವುದಕ್ಕೆ ಬಹಳ ಹೆಚ್ಚು ವೋಲ್ಟೇಜ್ ಬೇಕು. ಹೊರಗೆ 0.6 ಮಿ.ಮೀ. ದಾಟುವ ಕಿಡಿ ಒಳಗೆ ಸಾಯಬಹುದು.

ಕಿಡಿ ಪರೀಕ್ಷಿಸುವಾಗ ಟೆಸ್ಟರನ್ನು ಪ್ಲಗ್ ತೂತಿನಿಂದ ದೂರ, ಫ್ರೇಮಿನ ಬದಿಗೆ ಇಡಿ, ತೂತಿಗೆ ಬಟ್ಟೆ ತುರುಕಿ. ಬಿಸಿ ಎಂಜಿನ್ನಿನಿಂದ ಕಿಕ್ ಹೊಡೆದಾಗ ಪೆಟ್ರೋಲ್ ಆವಿ ಹೊರಗೆ ಚಿಮ್ಮುತ್ತದೆ, ಅದಕ್ಕೆ ಬೆಂಕಿ ತಗಲುವುದು ಸುಲಭ.

ಹೇಗೆ ಆಫ್ ಆಯಿತು?

ಅರ್ಧ ರೋಗನಿದಾನ ಇಲ್ಲಿಯೇ ಆಗುತ್ತದೆ, ಆದ್ದರಿಂದ ಓಡಿಸುವವರು ಗಮನ ಕೊಟ್ಟು ನೆನಪಿಟ್ಟುಕೊಳ್ಳಬೇಕು.

ಸ್ವಿಚ್ ಆಫ್ ಮಾಡಿದಂತೆ ಒಮ್ಮೆಗೇ ನಿಂತರೆ, ಅಥವಾ ನಿಲ್ಲುವ ಮೊದಲು ಸೈಲೆನ್ಸರಿನಲ್ಲಿ ಪಟ್ ಪಟ್ ಎಂದು ಬ್ಯಾಕ್‌ಫೈರ್ ಹೊಡೆದರೆ, ದೋಷ ಕರೆಂಟಿನದು. ನಿಲ್ಲುವ ಮೊದಲು ಕೆಲವು ಸೆಕೆಂಡ್ ಎಳೆತ ಕಡಿಮೆಯಾಗುತ್ತ, ಆಕ್ಸಿಲರೇಟರ್ ಕೊಟ್ಟಷ್ಟೂ ಕುಗ್ಗುತ್ತ, ಆಕ್ಸಿಲರೇಟರ್ ಇಳಿಸಿದರೆ ಸ್ವಲ್ಪ ಚೇತರಿಸಿಕೊಂಡು ಕೊನೆಗೆ ನಿಂತರೆ ಪೆಟ್ರೋಲ್ ಸಾಲುತ್ತಿಲ್ಲ. ಶಬ್ದ ಭಾರವಾಗಿ, ಎರಡು ಸುತ್ತಿಗೊಮ್ಮೆ ಉರಿದಂತೆ ಗಡಗಡ ಎಂದು, ಹೊಗೆ ಹೆಚ್ಚಾಗಿ ನಿಂತರೆ ಪೆಟ್ರೋಲ್ ಹೆಚ್ಚಾಗಿದೆ. ಹಿಂದಿನಿಂದ ಯಾರೋ ಬ್ರೇಕ್ ಹಿಡಿದಂತೆ ಭಾರವಾಗುತ್ತ ಬಂದು ನಿಂತರೆ ಪಿಸ್ಟನ್ ಹಿಡಿಯುತ್ತಿದೆ. ಆಗ ಕ್ಲಚ್ ಹಿಡಿದು ಗಾಡಿ ನಿಲ್ಲಿಸಿ, ಕಿಕ್ ಹೊಡೆಯಬೇಡಿ. ನಿಲ್ಲುವ ಮೊದಲು ಐಡ್ಲಿಂಗ್ ತಾನಾಗಿ ಏರುತ್ತಿತ್ತು, ಆಕ್ಸಿಲರೇಟರ್ ಬಿಟ್ಟರೂ ರೇಸ್ ಇಳಿಯುತ್ತಿರಲಿಲ್ಲ ಎಂದಾದರೆ ಎಲ್ಲಿಂದಲೋ ಗಾಳಿ ಎಳೆಯುತ್ತಿದೆ.

ಮತ್ತೆ ಸ್ಟಾರ್ಟ್ ಆಗಲು ಬೇಕಾದ ಸಮಯವೂ ಸಾಕ್ಷಿ ಹೇಳುತ್ತದೆ. ಒಂದೆರಡು ನಿಮಿಷದಲ್ಲಿ ಎದ್ದು, ಒಂದು ಕಿಲೋಮೀಟರ್ ಓಡಿ ಮತ್ತೆ ನಿಂತರೆ ಫ್ಲೋಟ್ ಬೌಲ್ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು) ನಿಧಾನವಾಗಿ ತುಂಬುತ್ತಿದೆ ಎಂದರ್ಥ. ಇಪ್ಪತ್ತು ಮೂವತ್ತು ನಿಮಿಷ ಬೇಕಾದರೆ ಕಾಯಿಲ್ ಅಥವಾ ಕಂಡೆನ್ಸರ್ ಮೇಲೆ ಅನುಮಾನ ಗಟ್ಟಿ. ಹೆಡ್‌ಲೈಟ್ ಹಾಕಿ ಓಡಿಸಿದಾಗ ಮಾತ್ರ ನಿಲ್ಲುವುದಾದರೆ ಸೀದಾ ಡೈನಮೋಗೆ ಹೋಗಿ.

ಆಫ್ ಆದ ಕೂಡಲೇ ಮಾಡಬೇಕಾದದ್ದು

ಕೀ ಆಫ್ ಮಾಡಿ. ಪಾಯಿಂಟ್ ಕೂಡಿಕೊಂಡ ಸ್ಥಿತಿಯಲ್ಲಿ ಕೀ ಆನ್ ಇದ್ದರೆ ಕಾಯಿಲ್‌ನಲ್ಲಿ ಎಡೆಬಿಡದೆ ಕರೆಂಟ್ ಹರಿದು ಅದು ಇನ್ನಷ್ಟು ಕಾಯುತ್ತದೆ.

ಮೊದಲು ಟ್ಯಾಂಕಿನ ಮುಚ್ಚಳ ತೆಗೆಯಿರಿ. ‘ಸುಸ್’ ಎಂದು ಗಾಳಿ ಒಳಗೆ ಎಳೆದುಕೊಂಡರೆ ಮುಚ್ಚಳದ ಉಸಿರುತೂತು ಕಟ್ಟಿದೆ. ಕ್ರೋಮ್ ಮಾಡಿಸಿದ ಅಥವಾ ಹೊಸ ರಬ್ಬರ್ ವಾಷರ್ ಹಾಕಿದ ಮುಚ್ಚಳಗಳಲ್ಲಿ ಇದು ಬಹಳ ಸಾಮಾನ್ಯ, ರಿಪೇರಿಗೆ ಒಂದು ಸೂಜಿ ಸಾಕು. ಮುಂದೆ ಕಾರ್ಬ್ಯುರೇಟರಿನ ಟಿಕ್ಲರ್ (ಒಳಗಿನ ಫ್ಲೋಟನ್ನು ಕೆಳಗೆ ತಳ್ಳುವ ಸಣ್ಣ ಗುಂಡಿ) ಒತ್ತಿ. ಎರಡು ಮೂರು ಸೆಕೆಂಡಿನಲ್ಲಿ ಪೆಟ್ರೋಲ್ ಉಕ್ಕಿದರೆ ಬೌಲ್ ತುಂಬಿದೆ, ಪೆಟ್ರೋಲ್ ದಾರಿ ಸದ್ಯಕ್ಕೆ ನಿರಪರಾಧಿ. ಹತ್ತು ಸೆಕೆಂಡ್ ಒತ್ತಿದರೂ ಬಾರದಿದ್ದರೆ ಟ್ಯಾಂಕಿನಿಂದ ಫ್ಲೋಟ್ ಸೂಜಿಯವರೆಗೆ ಎಲ್ಲೋ ತಡೆ ಇದೆ.

ಈಗ ಪ್ಲಗ್ ಬಿಚ್ಚಿ ಬಣ್ಣ ನೋಡಿ. ಒದ್ದೆಯೋ, ಒಣಗಿ ಬಿಳಿಚಿದೆಯೋ, ಗ್ಯಾಪಿನ ನಡುವೆ ಇದ್ದಿಲಿನ ಸಣ್ಣ ಎಳೆ ಸೇತುವೆ ಕಟ್ಟಿದೆಯೋ? ಆಯಿಲ್ ಹೆಚ್ಚು ಬೆರೆಸಿದ ಟೂ ಸ್ಟ್ರೋಕಿನಲ್ಲಿ ಈ ಎಳೆ ಸರ್ವೇಸಾಮಾನ್ಯ. ಉಗುರಿನಲ್ಲಿ ತೆಗೆದರೆ ಗಾಡಿ ಎದ್ದುಬಿಡುತ್ತದೆ. ಆಮೇಲೆ ಟೆಸ್ಟರ್ ಸಿಕ್ಕಿಸಿ, ಬಟ್ಟೆ ತುರುಕಿ, ಕೀ ಆನ್ ಮಾಡಿ ಕಿಕ್ ಹೊಡೆಯಿರಿ. ನೀಲಿ ಬಣ್ಣದ, ಚಟ್ ಎಂಬ ಶಬ್ದದ ಕಿಡಿ ಪ್ರತಿ ಸುತ್ತಿಗೂ ಬಂದರೆ ಕರೆಂಟ್ ಸರಿ ಇದೆ. ಕೆಂಪಗೆ ತೆಳ್ಳಗೆ ಬಂದರೆ, ಬಿಟ್ಟು ಬಿಟ್ಟು ಬಂದರೆ, ಬಾರದೇ ಇದ್ದರೆ ಮುಂದಿನ ಭಾಗಕ್ಕೆ ಹೋಗಿ. ಜಾವಾ, ಯೆಜ್ದಿಯಲ್ಲಿ ಕಿಕ್ಕರ್ ಮತ್ತು ಗೇರ್ ಲಿವರ್ ಒಂದೇ ಆದ್ದರಿಂದ ಪ್ರತಿ ಪರೀಕ್ಷೆಗೂ ಮುಂಚೆ ನ್ಯೂಟ್ರಲ್ ಖಚಿತಪಡಿಸಿಕೊಳ್ಳಿ.

ಕರೆಂಟ್ ಸಾಯುತ್ತಿದ್ದರೆ

ಒದ್ದೆ ಬಟ್ಟೆಯನ್ನು ಕಾಯಿಲ್ ಮೇಲೆ ಮಾತ್ರ ಸುತ್ತಿ, ವೈರಿನ ತುದಿಗಳಿಗೆ ನೀರು ತಗಲದಂತೆ ಎರಡು ನಿಮಿಷ ತಣಿಸಿ. ಎಂಜಿನ್ ಇನ್ನೂ ಬಿಸಿಯಾಗಿರುವಾಗಲೇ ಕಿಡಿ ಮರಳಿದರೆ ಕಾಯಿಲ್ ಕೆಟ್ಟಿದೆ. ಇಷ್ಟು ಸ್ಪಷ್ಟವಾದ ಪರೀಕ್ಷೆ ಇನ್ನೊಂದಿಲ್ಲ. ಮಲ್ಟಿಮೀಟರಿನಲ್ಲಿ ಅದೇ ಕಾಯಿಲ್ ಅಳೆದರೆ ಪ್ರೈಮರಿ 1ರಿಂದ 2 ಓಮ್, ಸೆಕೆಂಡರಿ ಕೆಲವು ಸಾವಿರ ಓಮ್ ಎಂದು ಸರಿಯಾಗಿಯೇ ತೋರಿಸಬಹುದು. ಕಾದಾಗ ಒಳಗಿನ ಎನಾಮಲ್ ಸಾವಿರಾರು ವೋಲ್ಟಿಗೆ ಸೋಲುತ್ತದೆ. ಮೀಟರ್ ಕೊಡುವುದು ಬರೀ ಒಂದೆರಡು ವೋಲ್ಟ್, ಆ ಸೋಲು ಅದಕ್ಕೆ ಕಾಣುವುದಿಲ್ಲ. ಗ್ಯಾರೇಜಿನಲ್ಲಿ ಖಾತ್ರಿ ಮಾಡಿಕೊಳ್ಳಬೇಕಾದರೆ ಕೂದಲು ಒಣಗಿಸುವ ಡ್ರೈಯರಿನಿಂದ ಕಾಯಿಲನ್ನು ಕೈಯಲ್ಲಿ ಹಿಡಿಯಲಾಗದಷ್ಟು ಕಾಯಿಸಿ ಟೆಸ್ಟರಿನಲ್ಲಿ ಕಿಡಿ ನೋಡಿ.

ಹೊಸ ಕಾಯಿಲ್ ಕೊಳ್ಳುವಾಗ 6 ವೋಲ್ಟಿನದೇ ಕೇಳಿ. 12 ವೋಲ್ಟಿನ ಕಾಯಿಲಿನ ಪ್ರೈಮರಿ 3 ಓಮಿನ ಆಸುಪಾಸು ಇರುತ್ತದೆ. 6 ವೋಲ್ಟಿನಲ್ಲಿ ಅದರೊಳಗೆ ಹರಿಯುವ ಕರೆಂಟ್ ಅರ್ಧವಾಗಿ ಕಿಡಿ ಸೊರಗುತ್ತದೆ. ಗಾಡಿ ಓಡುತ್ತದೆ, ಬಿಸಿಯಾದಾಗ ಕೈಕೊಡುತ್ತದೆ.

ಕಾಯಿಲ್ ತಣಿಸಿದರೂ ಕಿಡಿ ಬರದಿದ್ದರೆ ಕಂಡೆನ್ಸರಿಗೆ ಬನ್ನಿ. ಬಲಗಡೆಯ ಕವರ್ ತೆಗೆದು, ಕಿಕ್ ಹೊಡೆಯುವಾಗ ಪಾಯಿಂಟ್ ನಡುವೆ ದಪ್ಪ ಕಿಡಿ ಎಗರುತ್ತಿದೆಯೇ ನೋಡಿ. ಚುಕ್ಕಿಯಷ್ಟು ಸಣ್ಣ ಕಿಡಿ ಸಹಜ. ಹಳದಿ ಬಣ್ಣದ ದೊಡ್ಡ ಕಿಡಿ ಹಾರಿದರೆ ಕಂಡೆನ್ಸರ್ ಸತ್ತಿದೆ. ಹಳೆಯದರ ವೈರ್ ಬಿಚ್ಚಿ, ಜೊತೆಗೆ ಒಯ್ದ ಕಂಡೆನ್ಸರಿನ ಬಾಡಿಯನ್ನು ಎಂಜಿನ್ನಿಗೆ, ವೈರನ್ನು ಪಾಯಿಂಟ್ ಟರ್ಮಿನಲ್ಲಿಗೆ ಕ್ಲಿಪ್ ಮಾಡಿ ಕಿಕ್ ಹೊಡೆಯಿರಿ. ಹಳೆಯದನ್ನು ಬಿಚ್ಚಲೇಬೇಕು. ಅದು ಒಳಗೇ ಶಾರ್ಟ್ ಆಗಿದ್ದರೆ ಪಕ್ಕಕ್ಕೆ ಹೊಸದು ಸೇರಿಸಿ ಪ್ರಯೋಜನವಿಲ್ಲ. ಡೈನಮೋ ಜಾಗದ ಶಾಖದಲ್ಲಿ ಬೇಯುತ್ತ ಕೂರುವುದು ಕಂಡೆನ್ಸರಿನ ದುರದೃಷ್ಟ. 0.2ರಿಂದ 0.25 ಮೈಕ್ರೋಫ್ಯಾರಡ್‌ನ ಒಳ್ಳೆಯ ಕಂಡೆನ್ಸರನ್ನು ಕಾಯಿಲ್ ಪಕ್ಕದಲ್ಲಿ, ಶಾಖದಿಂದ ದೂರ ಕೂರಿಸುವುದು ನಮಗೆ ಒಪ್ಪಿಗೆಯಾದ ಬದಲಾವಣೆ. ಹೊರಗಿನಿಂದ ಕಾಣುವುದಿಲ್ಲ, ಮೂಲ ರೂಪಕ್ಕೆ ಧಕ್ಕೆಯಿಲ್ಲ.

ಪಾಯಿಂಟ್ ಗ್ಯಾಪ್ 0.4 ಮಿ.ಮೀ. ಇರಬೇಕು. ಫೀಲರ್ ಗೇಜ್ ತೂರಿಸಿ ನೋಡಿ. ಹೊಸ ಪಾಯಿಂಟಿನಲ್ಲಿ ಕ್ಯಾಮಿಗೆ ಉಜ್ಜುತ್ತ ಇರುವ ಫೈಬರ್ ಹಿಮ್ಮಡಿ ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಸವೆದು ಗ್ಯಾಪ್ ಮುಚ್ಚುತ್ತ ಬರುತ್ತದೆ, ಅದರಲ್ಲೂ ಕ್ಯಾಮಿಗೆ ಒಂದು ಚೂರು ಗ್ರೀಸ್ ಹಚ್ಚದಿದ್ದರೆ. ಗ್ಯಾಪ್ ಕಿರಿದಾದಂತೆ ಪಾಯಿಂಟ್ ತಡವಾಗಿ ತೆರೆಯುತ್ತದೆ, ಟೈಮಿಂಗ್ ಹಿಂದೆ ಬೀಳುತ್ತದೆ, ಎಂಜಿನ್ ಹೆಚ್ಚು ಕಾಯುತ್ತದೆ. ಇನ್ನೊಂದು ಗುಟ್ಟಿನ ದೋಷ ಇಲ್ಲೇ ಇದೆ: ಡೈನಮೋದ ತಿರುಗುವ ಭಾಗವಾದ ರೋಟರನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಆಟ ಗೊತ್ತಾದರೆ, ಅಲ್ಲಾಡಿಸಿದಾಗ ಗ್ಯಾಪ್ ಬದಲಾದರೆ, ಕ್ರ್ಯಾಂಕಿನ ಮೇನ್ ಬೇರಿಂಗ್ ಸವೆದಿದೆ. ಕ್ಯಾಮ್ ಕೂತಿರುವುದು ಕ್ರ್ಯಾಂಕಿನ ತುದಿಯಲ್ಲಿ, ಆದ್ದರಿಂದ ಬೇರಿಂಗ್ ಹೋದ ಎಂಜಿನ್ನಿನಲ್ಲಿ ಎಷ್ಟು ಸಲ ಗ್ಯಾಪ್ ಇಟ್ಟರೂ ನಿಲ್ಲುವುದಿಲ್ಲ. ರೋಟರ್ ಸುತ್ತಲಿನ ತಿರುಗದ ಭಾಗಕ್ಕೆ (ಫೀಲ್ಡ್) ಉಜ್ಜಿದ ಹೊಳೆಯುವ ಗುರುತೂ ಕಾಣಬಹುದು.

ಪ್ಲಗ್ ಕ್ಯಾಪನ್ನು ಮರೆಯಬೇಡಿ. ರೆಸಿಸ್ಟರ್ ಇರುವ ಕ್ಯಾಪ್ ಬಿಚ್ಚಿ ಅಳೆದಾಗ ಸುಮಾರು 5 ಸಾವಿರ ಓಮ್ ತೋರಿಸಬೇಕು. ಕೆಟ್ಟವು ಬಿಸಿಯಾದಾಗ ತೆರೆದುಕೊಳ್ಳುತ್ತವೆ. ಪ್ಲಗ್ ಎನ್‌ಜಿಕೆ ಬಿ7ಎಚ್‌ಎಸ್ ಅಥವಾ ಅದಕ್ಕೆ ಸರಿಸಮಾನವಾದದ್ದು, ಗ್ಯಾಪ್ 0.6 ಮಿ.ಮೀ. ಎನ್‌ಜಿಕೆಯಲ್ಲಿ ಸಂಖ್ಯೆ ಹೆಚ್ಚಿದಂತೆ ಪ್ಲಗ್ ತಣ್ಣಗಿನದು, ಈಗಿನ ಬಾಷ್ ಸಂಖ್ಯೆಗಳಲ್ಲಿ ಅದು ತಿರುಗುಮುರುಗು.

6 ವೋಲ್ಟ್, ಬಣ್ಣ ಮತ್ತು ಅರ್ಥ್

ರಿಸ್ಟೋರ್ ಮಾಡಿದ ಗಾಡಿಗಳಿಗೇ ಮೀಸಲಾದ ದೋಷ ಇದು. ಫ್ರೇಮಿಗೆ ಪೌಡರ್ ಕೋಟಿಂಗ್ ಮಾಡಿಸಿದಾಗ ಅರ್ಥ್ ಬೋಲ್ಟಿನ ಜಾಗಗಳೂ ಪ್ಲಾಸ್ಟಿಕ್ಕಿನಂಥ ಪದರದಲ್ಲಿ ಮುಚ್ಚಿಹೋಗುತ್ತವೆ. ಬೋಲ್ಟಿನ ದಾರದ ಮೂಲಕ ಹೇಗೋ ಸ್ವಲ್ಪ ಕರೆಂಟ್ ಹಾದು ಗಾಡಿ ಓಡುತ್ತದೆ. ಕಾದಾಗ, ಅದುರಿದಾಗ ಆ ದಾರಿಯೂ ಕ್ಷೀಣಿಸುತ್ತದೆ. 12 ವೋಲ್ಟಿನಲ್ಲಿ ಅರ್ಧ ವೋಲ್ಟ್ ಕಳೆದುಹೋದರೆ ಯಾರಿಗೂ ಗೊತ್ತಾಗುವುದಿಲ್ಲ. 6 ವೋಲ್ಟಿನಲ್ಲಿ ಅದು ಹನ್ನೆರಡನೇ ಒಂದು ಪಾಲು, ಎರಡು ಮೂರು ಕಡೆ ಹಾಗೆ ಕಳೆದರೆ ಕಿಡಿ ಸಾಯುತ್ತದೆ.

ಅಳೆಯುವುದು ಹೀಗೆ. ಪಾಯಿಂಟ್ ಕೂಡಿಕೊಂಡಿರುವಂತೆ ಎಂಜಿನ್ ತಿರುಗಿಸಿ, ಕೀ ಆನ್ ಮಾಡಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಅರ್ಥ್ ಆಗದ ಟರ್ಮಿನಲ್ಲಿಗೆ, ಇನ್ನೊಂದು ಕಾಯಿಲ್‌ಗೆ ಕೀ ಕಡೆಯಿಂದ ಕರೆಂಟ್ ಬರುವ ಟರ್ಮಿನಲ್ಲಿಗೆ. 0.3 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಫ್ಯೂಸ್ ಹಿಡಿಕೆ, ಹೆಡ್‌ಲೈಟ್ ಡೂಮಿನೊಳಗಿನ ಕೀ ಸ್ವಿಚ್ಚಿನ ತಾಮ್ರದ ಪಟ್ಟಿ ಅಥವಾ ತೆಳು ವೈರ್ ಕಾರಣ. ನಂತರ ಪಾಯಿಂಟ್ ಟರ್ಮಿನಲ್ಲಿನಿಂದ ಎಂಜಿನ್ ಬಾಡಿಗೆ, ಕೊನೆಗೆ ಎಂಜಿನ್ ಬಾಡಿಯಿಂದ ಬ್ಯಾಟರಿಯ ಅರ್ಥ್ ಟರ್ಮಿನಲ್ಲಿಗೆ, ಇವೆರಡೂ 0.2 ವೋಲ್ಟಿನೊಳಗೆ ಇರಬೇಕು. ಒಂದೊಂದು ಅಳತೆಗೂ ಕೆಲವೇ ಸೆಕೆಂಡ್ ಕೀ ಆನ್ ಇಡಿ. ರಸ್ತೆ ಬದಿಯಲ್ಲಿ ಇಷ್ಟಕ್ಕೆ ವ್ಯವಧಾನವಿಲ್ಲದಿದ್ದರೆ ಮೊಸಳೆ ಕ್ಲಿಪ್ ವೈರನ್ನು ಬ್ಯಾಟರಿಯಿಂದ ನೇರವಾಗಿ ಕಾಯಿಲ್‌ಗೆ ಹಾಕಿ ಕಿಕ್ ಹೊಡೆಯಿರಿ. ಗಾಡಿ ಎದ್ದರೆ ಕಾಯಿಲ್ ಬದಲಿಸುವ ಖರ್ಚು ಉಳಿಯಿತು, ದೋಷ ಸ್ವಿಚ್ ಅಥವಾ ವೈರಿಂಗಿನಲ್ಲಿದೆ. ಹೊಸ ವೈರಿಂಗ್ ಹಾಕಿಸುವಾಗ ಬ್ಯಾಟರಿ ಮತ್ತು ಇಗ್ನಿಶನ್ ಲೈನಿಗೆ 2.5 ಚದರ ಮಿ.ಮೀ. ತಾಮ್ರದ ವೈರ್ ಕೇಳಿ, ಮತ್ತು ಬ್ಯಾಟರಿಯಿಂದ ಎಂಜಿನ್ ಕೇಸಿಗೆ ಬೇರೆಯದೇ ಒಂದು ಅರ್ಥ್ ವೈರ್ ಎಳೆಯಿರಿ.

ಬ್ಯಾಟರಿ ತುಂಬಿದ್ದಾಗ, ಏನೂ ಹಚ್ಚದೆ, 6.3 ವೋಲ್ಟಿನ ಆಸುಪಾಸು ಇರುತ್ತದೆ. ಎಂಜಿನ್ ಮಧ್ಯಮ ರೇಸಿನಲ್ಲಿದ್ದಾಗ 7 ವೋಲ್ಟ್ ದಾಟಬೇಕು. ದಾಟದಿದ್ದರೆ ಡೈನಮೋದ ಕಾರ್ಬನ್ ಬ್ರಷ್ ಸವೆದಿದೆಯೇ, ಕಾಮ್ಯುಟೇಟರ್ ಕಪ್ಪಾಗಿದೆಯೇ, ರೆಗ್ಯುಲೇಟರಿನ ಪಾಯಿಂಟ್ ಸುಟ್ಟಿದೆಯೇ ನೋಡಿ. ಹಳೆಯ ಜಾವಾದ ಡೈನಮೋ 45 ವ್ಯಾಟಿನದು. ಹೆಡ್‌ಲೈಟಿಗೆ 35, ಹಿಂದಿನ ದೀಪಕ್ಕೆ 5, ಕಾಯಿಲ್‌ಗೆ ಸರಾಸರಿ 12 ಎಂದು ಕೂಡಿಸಿದರೆ ಲೆಕ್ಕ ಆಗಲೇ 52. ರಾತ್ರಿ ಓಟದಲ್ಲಿ ಅರ್ಧ ಗಂಟೆಗೆ ಗಾಡಿ ನಿಲ್ಲುವುದಕ್ಕೆ ಶಾಖ ಕಾರಣವೇ ಆಗಿರಲಿಕ್ಕಿಲ್ಲ: ಬ್ಯಾಟರಿ ಬರಿದಾಗಿರುತ್ತದೆ, ನಿಲ್ಲಿಸಿದಾಗ ಸ್ವಲ್ಪ ಚೇತರಿಸಿಕೊಂಡು ಮತ್ತೊಮ್ಮೆ ಕಿಡಿ ಕೊಡುತ್ತದೆ. ಹಿಂದಿನ ದೀಪಕ್ಕೆ, ಇಂಡಿಕೇಟರಿಗೆ 6 ವೋಲ್ಟಿನ ಎಲ್‌ಇಡಿ ಹಾಕಿ ಹೊರೆ ಇಳಿಸಬಹುದು.

ಪೆಟ್ರೋಲ್ ದಾರಿ

ಟಿಕ್ಲರ್ ಪರೀಕ್ಷೆಯಲ್ಲಿ ಪೆಟ್ರೋಲ್ ಬರದಿದ್ದರೆ ಪೈಪನ್ನು ಕಾರ್ಬ್ಯುರೇಟರ್ ಕಡೆ ಬಿಚ್ಚಿ ಬಾಟಲಿಗೆ ಬಿಡಿ, ಬಿಸಿ ಎಂಜಿನ್ ಮೇಲೆ ಚೆಲ್ಲದಂತೆ. ಲೀಟರಿಗೆ 30 ಕಿ.ಮೀ. ಕೊಡುವ ಗಾಡಿ ಗಂಟೆಗೆ 60ರಲ್ಲಿ ಓಡುವಾಗ ನಿಮಿಷಕ್ಕೆ 33 ಮಿ.ಲೀ. ಕುಡಿಯುತ್ತದೆ, ಏರು, ಪೂರ್ತಿ ಆಕ್ಸಿಲರೇಟರ್ ಎಲ್ಲ ಸೇರಿಸಿ ನಿಮಿಷಕ್ಕೆ 150 ಮಿ.ಲೀ. ಹರಿದರೆ ನಿಶ್ಚಿಂತೆ. ಮುಚ್ಚಳ ಹಾಕಿಯೇ ಮೂರು ನಿಮಿಷ ಹರಿಸಿ. ಮೊದಲು ಧಾರೆಯಾಗಿ ಬಂದು ಆಮೇಲೆ ತೊಟ್ಟಿಕ್ಕಿದರೆ ಉಸಿರುತೂತು ಅಥವಾ ಪೆಟ್ರೋಲ್ ಕಾಕಿನ ಜಾಲರಿ. ಟ್ಯಾಂಕಿನ ಒಳಗೆ ಸೀಲರ್ ಹಾಕಿಸಿದವರು ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿ. ತುಕ್ಕಿನ ಮೇಲೆಯೇ ಬಳಿದ ಸೀಲರ್ ಸಿಪ್ಪೆಯಾಗಿ ಎದ್ದು ಅಲ್ಲಿಗೇ ಬಂದು ಅಂಟುತ್ತದೆ.

ಪೆಟ್ರೋಲ್ ಹೆಚ್ಚಾಗಿ ನಿಲ್ಲುವ ಗಾಡಿಯಲ್ಲಿ ಫ್ಲೋಟ್ ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಕುಲುಕಿದರೆ ತೂತಾಗಿದೆ. ಬಿಸಿ ನೀರಿನಲ್ಲಿ ಮುಳುಗಿಸಿದರೆ ಗುಳ್ಳೆ ಬರುವ ಜಾಗ ಕಾಣುತ್ತದೆ. ಪೆಟ್ರೋಲ್ ಪೂರ್ತಿ ಆರಿದ ಮೇಲೆ ಅತಿ ಸಣ್ಣ ಚುಕ್ಕಿ ಬೆಸುಗೆ ಹಾಕಿ, ತೂಕ ಹೆಚ್ಚಾದರೆ ಫ್ಲೋಟ್ ಮಟ್ಟವೇ ಬದಲಾಗುತ್ತದೆ. ಜಿಕೋವ್‌ನ ಇನ್ನೊಂದು ಹಳೆಯ ಕಾಯಿಲೆ ಬಾಗಿದ ಫ್ಲ್ಯಾಂಜ್. ಎರಡೇ ನಟ್ಟಿನಲ್ಲಿ ಕೂರುವ ಮೆದು ಲೋಹದ ಬಾಡಿಯನ್ನು ವರ್ಷಗಟ್ಟಲೆ ಬಿಗಿದೂ ಬಿಗಿದೂ ಕಿವಿಗಳು ಬಾಗಿರುತ್ತವೆ, ನಡುವೆ ಗಾಳಿ ಎಳೆಯುತ್ತದೆ. ದಪ್ಪ ಗಾಜಿನ ಮೇಲೆ 400 ನಂಬರಿನ ಎಮರಿ ಪೇಪರ್ ಇಟ್ಟು, ಮುಖ ಪೂರ್ತಿ ಒಂದೇ ಬಣ್ಣಕ್ಕೆ ಬರುವವರೆಗೆ ಎಂಟರ ಆಕಾರದಲ್ಲಿ ಉಜ್ಜಿ. ಹೊಸ ಪ್ಯಾಕಿಂಗ್ ಹಾಕಿ ನಟ್ಟುಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ಈಗ ಬಂಕಿನಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ಅದೇ ಜೆಟ್ಟಿನಲ್ಲಿ (ಪೆಟ್ರೋಲ್ ಅಳೆದು ಬಿಡುವ ತೂತು) ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಹೆಚ್ಚು ಕಾಯುತ್ತದೆ. ಪ್ಲಗ್ ಬಿಳಿಚಿದ್ದರೆ ಕಾರ್ಬ್ಯುರೇಟರ್ ಸೂಜಿಯನ್ನು ಒಂದು ಗೀರು ಮೇಲಕ್ಕೆತ್ತಿ. ಪೂರ್ತಿ ಆಕ್ಸಿಲರೇಟರಿನಲ್ಲಿಯೂ ಬಿಳಿಚಿದರೆ ಮೇನ್ ಜೆಟ್ ಒಂದು ಅಳತೆ ದೊಡ್ಡದು ಬೇಕು. ಲೀಟರಿಗೆ 40 ಮಿ.ಲೀ. ಟೂಟಿ ಆಯಿಲ್ ಬೆರೆಸಿ. ‘ಸೇಫ್ಟಿಗೆ ಇರಲಿ’ ಎಂದು ಇನ್ನೂ ಹೆಚ್ಚು ಸುರಿಯಬೇಡಿ, ಸುರಿದಷ್ಟೂ ಪೆಟ್ರೋಲಿನ ಪಾಲು ಕಡಿಮೆಯಾಗಿ ಮಿಶ್ರಣ ಇನ್ನೂ ತೆಳುವಾಗುತ್ತದೆ.

ಕ್ರ್ಯಾಂಕ್ ಸೀಲ್: ಬಿ.ಪಿ. ಮೀಟರಿನ ಪರೀಕ್ಷೆ

ಕಿಡಿ ಚೆನ್ನಾಗಿದೆ, ಪೆಟ್ರೋಲ್ ಇದೆ, ಆದರೂ ಬಿಸಿ ಎಂಜಿನ್ ಏಳುವುದಿಲ್ಲ ಎಂದಾದರೆ ಸಿಲಿಂಡರಿನ ಕೆಳಗೆ ಕ್ರ್ಯಾಂಕ್ ತಿರುಗುವ ಕೋಣೆ, ಅಂದರೆ ಕ್ರ್ಯಾಂಕ್‌ಕೇಸ್, ಸೋರುತ್ತಿರಬಹುದು. ಟೂ ಸ್ಟ್ರೋಕಿನಲ್ಲಿ ಕ್ರ್ಯಾಂಕ್‌ಕೇಸೇ ಪಂಪು. ಅದಕ್ಕೆ ಗಾಳಿ ಸೋರಿದರೆ ಕಾರ್ಬ್ಯುರೇಟರಿನಿಂದ ಪೆಟ್ರೋಲ್ ಎಳೆಯುವ ಬಲವೇ ಇರುವುದಿಲ್ಲ. ಬಿಸಿಯಾದಾಗ ಆಯಿಲ್ ನೀರಾಗಿ, ಗಟ್ಟಿಯಾದ ಸೀಲಿನ ತುಟಿ ಮುಚ್ಚಿಕೊಳ್ಳದೆ ಸೋರಿಕೆ ಹೆಚ್ಚುತ್ತದೆ.

ಕ್ರ್ಯಾಂಕಿನ ಎರಡೂ ತುದಿಗೆ ಒಂದೊಂದು ಸೀಲ್ ಇದೆ. ಎಡ ಸೀಲ್ ಹೋದರೆ ಪ್ರೈಮರಿ ಚೈನ್ ಕಡೆಯ ಆಯಿಲ್ ಒಳಗೆ ಹೋಗುತ್ತದೆ: ಎಂಜಿನ್ ಕಾದ ಮೇಲೂ ನಿಲ್ಲದ ಬಿಳಿ ಹೊಗೆ, ಒದ್ದೆ ಪ್ಲಗ್, ತಿಂಗಳಿಂದ ತಿಂಗಳಿಗೆ ಇಳಿಯುವ ಗೇರ್ ಆಯಿಲ್. ಬಲ ಸೀಲ್ ಹೋದರೆ ಡೈನಮೋ ಕಡೆಯಿಂದ ಬರೀ ಗಾಳಿ ಹೋಗುತ್ತದೆ: ಬಿಳಿಚಿದ ಪ್ಲಗ್, ಏರುವ ಐಡ್ಲಿಂಗ್, ಕವರ್ ತೆಗೆದರೆ ಪಾಯಿಂಟ್ ಮೇಲೆ ಜಿಡ್ಡಿನ ಮಂಜು, ಪೆಟ್ರೋಲ್ ವಾಸನೆ. ಆ ಜಿಡ್ಡು ಪಾಯಿಂಟನ್ನೂ ಸುಡುತ್ತದೆ. ‘ಪಾಯಿಂಟ್ ಬೇಗ ಸುಡ್ತಿದೆ’ ಎಂದು ಪಾಯಿಂಟ್ ಬದಲಿಸುತ್ತ ಹೋದವರಿಗೆ ನಿಜವಾದ ಕಾರಣ ಅದರ ಹಿಂದೆ ಎರಡು ಇಂಚಿನಲ್ಲಿರುತ್ತದೆ. ಎಂಜಿನ್ ಓಡುತ್ತಿರುವಾಗ ಈ ಜಾಗಕ್ಕೆ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ನೋಡುವ ವಿಧಾನ ಇಲ್ಲಿ ಬೇಡವೇ ಬೇಡ. ಪಕ್ಕದಲ್ಲೇ ಪಾಯಿಂಟಿನ ಕಿಡಿ ಇದೆ, ಬೆಂಕಿ ಹಿಡಿಯುತ್ತದೆ.

ಸರಿಯಾದ ಪರೀಕ್ಷೆ ಒತ್ತಡದ್ದು. ಮುಳ್ಳಿನ ಡಯಲ್ ಇರುವ ಬಿ.ಪಿ. ಮೀಟರ್ ಇದಕ್ಕೆ ಹೇಳಿ ಮಾಡಿಸಿದಂತಿದೆ: ಅದರ 300 ಮಿ.ಮೀ. ಪಾದರಸ ಎಂದರೆ ಸುಮಾರು 6 ಪಿಎಸ್‌ಐ, ಟೂ ಸ್ಟ್ರೋಕ್ ಎಂಜಿನ್ನಿಗೆ ಬೇಕಾದಷ್ಟೇ. ಕಾರ್ಬ್ಯುರೇಟರ್ ಮತ್ತು ಎರಡೂ ಸೈಲೆನ್ಸರ್ ಪೈಪ್ ಬಿಚ್ಚಿ. ಎರಡೂ ಎಕ್ಸಾಸ್ಟ್ ಬಾಯಿಗೆ ರಬ್ಬರ್ ಬಿರಡೆ ಬಿಗಿಯಾಗಿ ಕೂರಿಸಿ. ಕಾರ್ಬ್ಯುರೇಟರ್ ಜಾಗಕ್ಕೆ 3 ಮಿ.ಮೀ. ಅಲ್ಯುಮಿನಿಯಂ ತಗಡು, ಕೆಳಗೆ ಟ್ಯೂಬ್ ರಬ್ಬರಿನ ಪ್ಯಾಕಿಂಗ್. ತಗಡಿನ ನಡುವೆ ಸಣ್ಣ ಕೊಳವೆ ಕೂರಿಸಿ ಬಿ.ಪಿ. ಮೀಟರಿನ ರಬ್ಬರ್ ಪೈಪ್ ಸಿಕ್ಕಿಸಿ. ಪ್ಲಗ್ ಜಾಗದಲ್ಲೇ ಇರಲಿ. ಪಿಸ್ಟನ್ ಕೆಳಗಿನ ತುದಿಗೆ ತಂದರೆ ಟ್ರಾನ್ಸ್‌ಫರ್ ಪೋರ್ಟ್ (ಕ್ರ್ಯಾಂಕ್‌ಕೇಸಿನಿಂದ ಸಿಲಿಂಡರಿಗೆ ಹೋಗುವ ದಾರಿ) ತೆರೆದು ಸಿಲಿಂಡರ್, ಹೆಡ್, ಕ್ರ್ಯಾಂಕ್‌ಕೇಸ್ ಎಲ್ಲ ಒಂದೇ ಕೋಣೆಯಾಗುತ್ತದೆ. ಬಲ್ಬ್ ಒತ್ತುತ್ತ ನಿಧಾನವಾಗಿ 300ಕ್ಕೆ ಏರಿಸಿ, ವಾಲ್ವ್ ಮುಚ್ಚಿ, ಗಡಿಯಾರ ನೋಡಿ. ನಿಮಿಷಕ್ಕೆ 50ಕ್ಕಿಂತ ಕಡಿಮೆ ಇಳಿದರೆ ಎಂಜಿನ್ ಬಿಗಿಯಾಗಿದೆ. ಹೆಚ್ಚು ಇಳಿದರೆ ಸೋಪಿನ ನೀರು ಹಚ್ಚಿ: ಮೊದಲು ನಿಮ್ಮದೇ ಬಿರಡೆಗಳಿಗೆ, ಆಮೇಲೆ ಸಿಲಿಂಡರ್ ಬುಡ, ಹೆಡ್, ಕ್ರ್ಯಾಂಕ್‌ಕೇಸಿನ ಜೋಡಣೆ, ಡೈನಮೋ ಹಿಂದಿನ ಸೀಲ್. ಎಡ ಸೀಲಿನ ಸೋರಿಕೆಗೆ ಗುಳ್ಳೆ ಕಾಣುವುದಿಲ್ಲ. ಗೇರ್ ಆಯಿಲ್ ಸುರಿಯುವ ಬಾಯಿಗೆ ಸೋಪಿನ ಪೊರೆ ಹಿಡಿಸಿದರೆ ಅದು ಉಬ್ಬುತ್ತದೆ.

ಈ ಪರೀಕ್ಷೆಯನ್ನು ಎಂಜಿನ್ ಫ್ರೇಮಿಗೆ ಏರಿಸುವ ಮುಂಚೆ, ಬೆಂಚಿನ ಮೇಲೆಯೇ ಮಾಡಿದರೆ ಬಣ್ಣ ಕೆರೆಯುವ ಕೆಲಸ ಉಳಿಯುತ್ತದೆ. ಹೊಸ ಸೀಲಿನ ಅಳತೆ ಹಳೆಯದರ ಮೇಲೆಯೇ ಇರುತ್ತದೆ: ಒಳವ್ಯಾಸ, ಹೊರವ್ಯಾಸ, ದಪ್ಪ. ವಿಟಾನ್ ಎಂಬ ವಿಶೇಷ ರಬ್ಬರಿನ ಸೀಲ್ ಸಿಕ್ಕರೆ ಎಥನಾಲ್ ಪೆಟ್ರೋಲಿಗೆ ಅದೇ ಒಳ್ಳೆಯದು. ಸ್ಪ್ರಿಂಗ್ ಇರುವ ಮುಖ ಕ್ರ್ಯಾಂಕ್‌ಕೇಸಿನ ಕಡೆಗೆ ಇರಲಿ. ಹಳೆಯ ಸೀಲ್ ಉಜ್ಜಿದ ಜಾಗದಲ್ಲಿ ಶಾಫ್ಟಿಗೆ ಉಗುರು ಸಿಕ್ಕಿಕೊಳ್ಳುವಷ್ಟು ಗೆರೆ ಬಿದ್ದಿದ್ದರೆ ಹೊಸ ಸೀಲೂ ಅಲ್ಲೇ ಸೋರುತ್ತದೆ. ಜಾಗವಿದ್ದರೆ ಒಂದು ಮಿ.ಮೀ. ಆಚೀಚೆ ಕೂರಿಸಿ, ಇಲ್ಲದಿದ್ದರೆ ಲೇತಿನಲ್ಲಿ ತೆಳು ಸ್ಲೀವ್ ಹಾಕಿಸಿ.

ಎಂಜಿನ್ನೇ ಅತಿಯಾಗಿ ಕಾಯುತ್ತಿದ್ದರೆ

ಮೊದಲು ಪಾಯಿಂಟ್ ಗ್ಯಾಪ್, ಆಮೇಲೆ ಟೈಮಿಂಗ್. ಈ ಅನುಕ್ರಮ ತಪ್ಪಿಸಬೇಡಿ. ಪಿಸ್ಟನ್ ಮೇಲಿನ ತುದಿಗೆ ಬರುವ ಮೊದಲು ಎಷ್ಟು ಮಿ.ಮೀ. ಇರುವಾಗ ಪಾಯಿಂಟ್ ತೆರೆಯಬೇಕು ಎಂಬುದು ನಿಮ್ಮ ಮಾಡೆಲಿನ ಕೈಪಿಡಿಯಲ್ಲಿದೆ, ಈ ಎಂಜಿನ್ನುಗಳಲ್ಲಿ ಅದು 3ರಿಂದ 4 ಮಿ.ಮೀ. ನಡುವೆ ಬೀಳುತ್ತದೆ. ಪಾಯಿಂಟ್ ಟರ್ಮಿನಲ್ಲಿನಿಂದ ಎಂಜಿನ್ ಬಾಡಿಗೆ 6 ವೋಲ್ಟಿನ ಸಣ್ಣ ಬಲ್ಬ್ ಕಟ್ಟಿ ಕೀ ಆನ್ ಮಾಡಿದರೆ ಪಾಯಿಂಟ್ ತೆರೆದ ಗಳಿಗೆಯಲ್ಲಿ ಬಲ್ಬ್ ಹೊತ್ತಿಕೊಳ್ಳುತ್ತದೆ. ಪಿಸ್ಟನ್ ಇಳಿತವನ್ನು ಡಯಲ್ ಗೇಜಿನಲ್ಲಿ ಅಳೆಯಿರಿ. ಓರೆಯಾದ ತೂತಿನಲ್ಲಿ ಕಡ್ಡಿ ಇಟ್ಟು ಅಳೆದರೆ ಸುಳ್ಳು ಅಂಕಿ ಬರುತ್ತದೆ, ಅಂಥಲ್ಲಿ ಹೆಡ್ ಬಿಚ್ಚುವುದೇ ವಾಸಿ.

ಸೈಲೆನ್ಸರಿನ ಒಳಕೊಳವೆ ಎಳೆದು ನೋಡಿ. ಹೊರಗೆ ಹೊಸ ಕ್ರೋಮ್, ಒಳಗೆ ಹಳೆಯ ಇದ್ದಿಲು ಇರುವ ಸೈಲೆನ್ಸರುಗಳು ಬೇಕಾದಷ್ಟಿವೆ. ಸಿಲಿಂಡರಿನ ಎಕ್ಸಾಸ್ಟ್ ಬಾಯಿಯ ಇದ್ದಿಲನ್ನು ಪಿಸ್ಟನ್ ಮೇಲಿನ ತುದಿಯಲ್ಲಿಟ್ಟು, ಮರದ ಚಕ್ಕೆಯಿಂದ ಕೆರೆಯಿರಿ. ಅದೇ ಬಾಯಿಯಿಂದ ಟಾರ್ಚ್ ಬಿಟ್ಟು ಪಿಸ್ಟನ್ ಮೈ ನೋಡಿ: ಉದ್ದುದ್ದ ಬಿಳಿ ಗೀರುಗಳಿದ್ದರೆ ಅದು ಹಿಡಿದ ಗುರುತು. ಹೊಸದಾಗಿ ಬೋರ್ ಮಾಡಿಸಿದ್ದರೆ ಪಿಸ್ಟನ್ ತಯಾರಕರು ಹೇಳಿದ ಕ್ಲಿಯರೆನ್ಸ್ ಲೇತಿನವರು ಬಿಟ್ಟಿದ್ದಾರೆಯೇ ಎಂದು ಬೋರ್ ಗೇಜಿನಲ್ಲಿ ಅಳೆಸಿ. ಬಿಗಿಯಾದ ಬೋರನ್ನು ‘ಓಡಿ ಓಡಿ ಸರಿಹೋಗುತ್ತೆ’ ಎಂದು ಬಿಡಬೇಡಿ.

ರಿಪೇರಿ ಆದ ಮೇಲೆ

ಒಂದು ಸಲಕ್ಕೆ ಒಂದೇ ಭಾಗ ಬದಲಿಸಿ, ಗಾಡಿ ಮೊದಲು ನಿಂತಿದ್ದ ಅದೇ ದಾರಿಯಲ್ಲಿ, ಅದೇ ಹೊತ್ತಿನ ಬಿಸಿಲಿನಲ್ಲಿ, ಮೊದಲು ಓಡಿದ್ದರ ಎರಡರಷ್ಟು ದೂರ ಓಡಿಸಿ. ನಡುವೆ ಎರಡು ಸಲ ಬೇಕೆಂದೇ ಆಫ್ ಮಾಡಿ, ಐದು ನಿಮಿಷ ಬಿಟ್ಟು ಕಿಕ್ ಹೊಡೆಯಿರಿ. ನಿಂತ ಎಂಜಿನ್ನಿನ ಶಾಖ ಗಾಳಿಯಿಲ್ಲದೆ ಮೇಲೇರುವ ಆ ಐದು ನಿಮಿಷ ಕಾಯಿಲ್‌ಗೂ ಕಾರ್ಬ್ಯುರೇಟರಿಗೂ ಅತಿ ಕಠಿಣ. ಮನೆಗೆ ಬಂದು ಪ್ಲಗ್ ಬಣ್ಣ, ಬ್ಯಾಟರಿ ವೋಲ್ಟೇಜ್, ಗೇರ್ ಆಯಿಲ್ ಮಟ್ಟ ಬರೆದಿಡಿ. ಸೀಲ್ ಬದಲಿಸಿದ್ದರೆ ಸುಳ್ಳು ಗಾಳಿ ನಿಂತು ಮಿಶ್ರಣ ದಪ್ಪವಾಗಿರುತ್ತದೆ, ಹಿಂದೆ ಅದನ್ನು ಸರಿದೂಗಿಸಲು ಎತ್ತಿದ್ದ ಸೂಜಿಯನ್ನು ಒಂದು ಗೀರು ಇಳಿಸಿ ನೋಡಬೇಕಾಗುತ್ತದೆ. ಪಾಯಿಂಟ್ ಹೊಸದಾಗಿದ್ದರೆ 200 ಕಿಲೋಮೀಟರಿಗೆ ಗ್ಯಾಪ್ ಮತ್ತೊಮ್ಮೆ 0.4ಕ್ಕೆ ತನ್ನಿ, ಅದರ ಬೆನ್ನಿಗೇ ಟೈಮಿಂಗನ್ನೂ.